ಸಾಹುಕಾರ್ರ ಅಂಗಡಿಗೆ ನಾನು ಹಾಕಿದ ಇಂಟರ್‌ನೆಟ್ ಫೋನು

ಕಂಪ್ಯೂಟರ್ ಕೆಟ್ರೆ ಬಿಚ್ಚಿ ಸರಿ ಮಾಡಬಹುದು, ಅದರ ಸುತ್ತ ಕೂತಿರೋ ಜನರನ್ನ ಬಿಚ್ಚೋಕಾಗಲ್ಲವಲ್ಲ, ಅದಕ್ಕೇ ನನ್ನ ಕಸುಬಿನಲ್ಲಿ ಇಂಥವು ಆಗ್ತಾನೇ ಇರ್ತವೆ. ಶಿಡ್ಲಘಟ್ಟದಲ್ಲಿ ನಂದು ರಿಪೇರಿ ಅಂಗಡಿ. ನಾನು ಹೇಳ್ತಿರೋದು ನಮ್ಮ ಕಡೆಗೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಬಂದಿದ್ದ ಕಾಲ. ಮೊಬೈಲು ಎಲ್ಲರ ಜೇಬಲ್ಲೂ ಇತ್ತು, ಅದರಲ್ಲಿ ಕರೆನ್ಸಿ ಮಾತ್ರ ಯಾರಿಗೂ ಇರ್ತಿರಲಿಲ್ಲ.

ಪುಗಸಟ್ಟೆ ಯಾಕೆ ಕೊಡ್ತಾರೆ?

ನಮ್ಮ ಮಾವ, ಅಂದ್ರೆ ನನ್ನ ಹೆಂಡತಿ ಅಪ್ಪ, ರೇಷ್ಮೆ ಸಾಕೋರಿಗೆ ಬೇಕಾದ ಸಾಮಾನು ಮಾರೋ ಅಂಗಡೀಲಿ ಮ್ಯಾನೇಜರು. ದೊಡ್ಡಂಗಡಿ ಶಿಡ್ಲಘಟ್ಟದಲ್ಲಿ, ಬ್ರಾಂಚು ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರಲ್ಲಿ. ಬೆಳಗಿಂದ ಸಂಜೆವರೆಗೂ ಈ ಅಂಗಡಿಯೋರು ಆ ಅಂಗಡಿಗೆ ಫೋನ್ ಮಾಡಿ "ನಿಮ್ಮಲ್ಲಿ ಹುಳ ಬಿಡೋ ಚಂದ್ರಿಕೆ ಇದಾವಾ, ಸುಣ್ಣ ಇದೆಯಾ" ಅಂತ ಕೂಗ್ತಾನೇ ಇರೋರು. ಬಿಲ್ಲು ನೋಡಿ ಸಾಹುಕಾರ್ರು ತಲೆ ಮೇಲೆ ಕೈ ಹೊತ್ಕೊಂಡಾಗ ಮಾವ ಎದೆ ತಟ್ಕೊಂಡು ಅಂದುಬಿಟ್ಟಿದಾರೆ: "ನಮ್ಮ ಅಳಿಯಂದ್ರು ಇಂಟರ್‌ನೆಟ್ ಮೇಲೆ ನಾಲ್ಕು ಅಂಗಡೀನೂ ಪುಗಸಟ್ಟೆ ಮಾತಾಡಿಸ್ತಾರೆ." ನನ್ನನ್ನ ಒಂದು ಮಾತು ಕೇಳಿರಲಿಲ್ಲ.

ಸಾಹುಕಾರ್ರು ನನ್ನನ್ನ ಕರೆಸಿದ್ರು. ಒಂದು ಕಂಪ್ಯೂಟರಿಗೆ ಪುಗಸಟ್ಟೆ ಸಾಫ್ಟ್‌ವೇರ್ ಹಾಕಿದ್ರೆ ಅದೇ ನಾಲ್ಕೂ ಅಂಗಡಿ ಫೋನು ನಡೆಸುತ್ತೆ ಅಂತ ಹೇಳಿದೆ.

"ಈ ಸಾಫ್ಟ್‌ವೇರ್ ಯಾರದಪ್ಪ?"

"ಯಾರದೂ ಅಲ್ಲ ಸಾಹುಕಾರ್ರೆ. ದೇಶದೇಶದೋರು ಸೇರಿ ಬರೆದು, ಯಾರು ಬೇಕಾದ್ರೂ ತಗೊಳ್ಳಿ, ತಿದ್ದಿಕೊಳ್ಳಿ ಅಂತ ಇಂಟರ್‌ನೆಟ್ಟಲ್ಲಿ ಇಟ್ಟಿದಾರೆ."

"ಅವರಿಗೇನು ಲಾಭ?"

"ಏನೂ ಇಲ್ಲ. ಖುಷಿಗೆ ಮಾಡ್ತಾರೆ."

ರೇಷ್ಮೆ ಗೂಡಿನ ಮಾರ್ಕೆಟ್ ಪಕ್ಕದಲ್ಲೇ ಹುಟ್ಟಿ ಬೆಳೆದ ಮನುಷ್ಯ ಅವರು. ಖುಷಿಗೆ ಯಾರಾದ್ರೂ ಏನಾದ್ರೂ ಕೊಟ್ಟಿದ್ದನ್ನ ಕಂಡೋರಲ್ಲ. ಅನುಮಾನದಲ್ಲೇ ಕೇಳಿದ್ರು, "ಅವರಿಗೆಲ್ಲ ಮದುವೆ ಆಗಿದೆಯಾ?"

ಕೊನೆಗೆ ಒಂದು ಷರತ್ತು ಹಾಕಿದ್ರು. ಗೌರಿ ಹಬ್ಬದವರೆಗೂ ನೋಡ್ತೀನಿ, ಸರಿಹೋದ್ರೆ ಇರಲಿ, ಇಲ್ಲದಿದ್ರೆ ಕಿತ್ತು ತಗೊಂಡು ಹೋಗು ಅಂದ್ರು. ಹೊರಗೆ ಬಂದ ಮೇಲೆ ಮಾವ ನನ್ನ ಭುಜ ಹಿಡಿದು, "ನೋಡಪ್ಪ, ಕೂದಲು ಕಪ್ಪಗಿದ್ದಾಗಿಂದ ಈ ಅಂಗಡೀಲಿ ಕೂತಿದೀನಿ. ಹುಷಾರು" ಅಂದ್ರು. ಮನೆಗೆ ಹೋದ್ರೆ ಹೆಂಡತಿ, "ರೀ, ನಮ್ಮಪ್ಪನ ಮುಖಕ್ಕೆ ಮಸಿ ಬಳಿದ್ರೆ ನಾನು ಮಾತಾಡ್ಸಲ್ಲ" ಅಂದ್ಲು. ಫೋನಲ್ಲಿ ನಾಲ್ಕು ಊರು ಮಾತಾಡಿಸೋಕೆ ಹೋದೋನಿಗೆ ಮನೇಲಿ ಮಾತು ನಿಂತುಹೋಗೋ ಭಯ.

ಹೊಗೆ

ಕಂಪ್ಯೂಟರ್ ಡಬ್ಬ ತಂದಿಟ್ಟ ದಿನ ಪೂಜೆ ಆಯ್ತು. ಅರಿಶಿನ, ಕುಂಕುಮ, ಹೂವು, ಕೆಳಗೊಂದು ನಿಂಬೆಹಣ್ಣು. ಊದುಬತ್ತಿ ಸಿಕ್ಕಿಸೋಕೆ ಜಾಗ ಹುಡುಕಿ ಮಾವ ಅದನ್ನ ಡಬ್ಬದ ಹಿಂದಿನ ಗಾಳಿ ತೂತಿಗೇ ಸಿಕ್ಕಿಸಿದ್ರು. ತೆಗೀರಿ ಅಂತ ಹೆಣ್ಣು ಕೊಟ್ಟ ಮಾವನಿಗೆ ಹೇಗೆ ಹೇಳೋದು? ಮಾರನೇ ದಿನದಿಂದ ಅದೇ ಪದ್ಧತಿ ಆಯ್ತು.

ಒಂದು ದಿನ ಮಧ್ಯಾಹ್ನ ಫೋನೆಲ್ಲ ಸತ್ತುಹೋದವು. ಓಡಿ ಬಂದು ಡಬ್ಬ ಬಿಚ್ಚಿ ನೋಡಿದ್ರೆ ಊದುಬತ್ತಿ ಬೂದಿ ತುಂಬಿ ಫ್ಯಾನ್ ನಿಂತು, ಒಳಗೆಲ್ಲ ಸುಟ್ಟು ಕಮರಿತ್ತು.

"ಮಾವ, ಇಷ್ಟು ಸುಡಬೇಕಾದ್ರೆ ಬಹಳ ಹೊತ್ತು ಹೊಗೆ ಬಂದಿರುತ್ತಲ್ಲ, ನೀವು ಇಲ್ಲೇ ಕೂತಿದ್ರಿ, ನೋಡಲಿಲ್ವಾ?"

"ನೋಡಿದೆ ಕಣಪ್ಪ," ಅಂದ್ರು ಮಾವ. "ಎರಡು ಸಲ ಕೈ ಮುಗಿದೆ."

ಅಮ್ಮಾವ್ರ ದನಿ

ಡಬ್ಬಕ್ಕೆ ಹೊಸ ಸಾಮಾನು ಹಾಕಿ ಮತ್ತೆ ನಡೆಸಿದೆ. ಇನ್ನು ಯಾರೇ ಫೋನ್ ಮಾಡಿದ್ರೂ ಮಿಷನ್ನೇ ಎತ್ತಿ, ಇಂಥದಕ್ಕೆ ಒಂದು ಒತ್ತಿ, ಇಂಥದಕ್ಕೆ ಎರಡು ಒತ್ತಿ ಅಂತ ಹೇಳಬೇಕಿತ್ತು. ಯಾರ ದನಿ ಹಾಕೋದು? ಸಾಹುಕಾರ್ರ ಹೆಂಡತಿ ಒಪ್ಪಿಕೊಂಡ್ರು. ಅಂಗಡಿಯೋರೆಲ್ಲ ಅವರನ್ನ ಅಮ್ಮಾವ್ರು ಅಂತಾರೆ. ದನಿ ಚೆನ್ನಾಗಿತ್ತು, ತಕರಾರಿದ್ದದ್ದು ನಾನು ಬರೆದುಕೊಟ್ಟಿದ್ದ ಮಾತಿನ ಮೇಲೆ.

"ಏನಪ್ಪ ಇದು, ಫೋನ್ ಮಾಡಿದೋರಿಗೆ ಮೊದಲೇ ಒತ್ತು ಅನ್ನೋದಾ? ಮನೆಗೆ ಬಂದೋರಿಗೆ ನೀರು ಕೊಡದೆ ಯಾಕೆ ಬಂದ್ರಿ ಅಂತ ಕೇಳಿದ ಹಾಗಿದೆ."

ಕೊನೆಗೆ ಅವರಿಗೆ ಸರಿ ಕಂಡ ಹಾಗೇ ರೆಕಾರ್ಡ್ ಆಯ್ತು. "ನಮಸ್ಕಾರ. ಚೆನ್ನಾಗಿದೀರಾ? ಮನೇಲಿ ಎಲ್ಲಾರೂ ಆರೋಗ್ಯವಾ? ಚಂದ್ರಿಕೆ ಬೇಕಾದ್ರೆ ಒಂದು ಒತ್ತಿ. ಸುಣ್ಣ, ಔಷಧಿ ಬೇಕಾದ್ರೆ ಎರಡು ಒತ್ತಿ. ಬೇರೆ ಏನಾದ್ರೂ ಇದ್ರೆ ಹಾಗೇ ಇರಿ."

ಕೇಳಿದ ಮೇಲೆ ಜನ ಉತ್ತರ ಹೇಳದೆ ಇರ್ತಾರಾ? ಚಿಂತಾಮಣಿ ಕಡೆಯ ಅಜ್ಜಿಯೊಬ್ಬರು "ಬಾಗುನ್ನಾಮು ತಲ್ಲೀ", ಚೆನ್ನಾಗಿದೀವಿ ತಾಯಿ, ಅಂತ ತೆಲುಗಲ್ಲಿ ಶುರು ಮಾಡಿ ಮಗಳ ಬಾಣಂತನ, ಹಸು ಕರು ಹಾಕಿದ್ದು ಎಲ್ಲ ಹೇಳಿ ಮುಗಿಸಿ, ಏನೂ ಒತ್ತದೆ ಇಟ್ಟುಬಿಟ್ರು. ಆಮೇಲೆ ಅಂಗಡಿಗೇ ಬಂದು ಮಾವನ ಹತ್ರ ಹೊಗಳಿದ್ದೇ ಹೊಗಳಿದ್ದು. "ನಿಮ್ಮ ಅಮ್ಮಾವ್ರು ಬಂಗಾರ ಕಣಪ್ಪ. ನಮ್ಮ ಸೊಸೆ ಥರ ಮಧ್ಯೆ ಬಾಯಿ ಹಾಕಲ್ಲ."

ಎತ್ತಿದೋನು ಯಾರು?

ನಗೋ ಹಾಗಿದ್ದದ್ದು ಅಲ್ಲಿಗೆ ಮುಗೀತು. ಆಮೇಲೆ ನಿಜವಾಗಲೂ ಕುತ್ತಿಗೆಗೆ ಬಂತು.

ರೇಷ್ಮೆ ಹುಳ ಹಣ್ಣಾದ್ರೆ, ಅಂದ್ರೆ ಗೂಡು ಕಟ್ಟೋಕೆ ತಯಾರಾದ್ರೆ, ಅವತ್ತೇ ಚಂದ್ರಿಕೆ ಮೇಲೆ ಬಿಡಬೇಕು. ಬಿದಿರಿನ ಆ ದೊಡ್ಡ ತಟ್ಟಿ ಮೇಲೇ ಹುಳ ಗೂಡು ಕಟ್ಟೋದು. ನಾಳೆ ನೋಡೋಣ ಅಂದ್ರೆ ಬೆಳೆ ಹೋಯ್ತು. ಚಂದ್ರಿಕೆ ಬಾಡಿಗೆಗೆ ಕೊಡ್ತಿದ್ದದ್ದು ನಮ್ಮ ಸಾಹುಕಾರ್ರೇ. ಆ ವ್ಯವಹಾರ ನಡೀತಿದ್ದದ್ದೆಲ್ಲ ಮಿಸ್ ಕಾಲಲ್ಲಿ. ರೈತ ಒಂದು ಮಿಸ್ ಕಾಲ್ ಕೊಟ್ರೆ ಹುಳ ಹಣ್ಣಾಗಿದೆ ಅಂತ, ಟೆಂಪೋ ಹೊರಡಬೇಕು. ಎರಡು ಕೊಟ್ರೆ ಗೂಡು ಬಿಡಿಸಿ ಆಯ್ತು, ಚಂದ್ರಿಕೆ ವಾಪಸ್ ತಗೊಂಡು ಹೋಗಿ ಅಂತ. ಯಾವ ನಂಬರ್ ಯಾರದು ಅಂತ ಮಾವನಿಗೆ ಬಾಯಿಪಾಠ. ಇಷ್ಟು ವರ್ಷ ಒಂದು ಟೆಂಪೋನೂ ದಾರಿ ತಪ್ಪಿರಲಿಲ್ಲ.

ಇದನ್ನ ನನಗೆ ಯಾರೂ ಹೇಳಿರಲಿಲ್ಲ. ನನ್ನ ಮಿಷನ್ನು ಮೊದಲನೇ ರಿಂಗಿಗೇ ಟಪ್ ಅಂತ ಎತ್ತಿ "ನಮಸ್ಕಾರ, ಚೆನ್ನಾಗಿದೀರಾ" ಅನ್ನೋದು. ಮಿಸ್ ಕಾಲ್ ಅನ್ನೋದೇ ಅಂಗಡಿಗೆ ಬರದ ಹಾಗೆ ಆಯ್ತು. ಟೆಂಪೋ ಡ್ರೈವರು ಅಂಗಡಿ ಮುಂದೆ ಚೌಕಾಬಾರ ಆಡ್ತಾ ಕೂತಿದ್ದ. ಮಾವ ಪಾಪ, "ಈ ವಾರ ಯಾಕೋ ಹುಳ ಹಣ್ಣಾಗ್ತಿಲ್ಲ" ಅಂತ ಹವಾಮಾನ ಬೈತಿದ್ರು.

ಮಂಡಿಕಲ್ಲಿಂದ ಒಬ್ಬ ರೈತ ಬೈಕಲ್ಲಿ ಬಂದಿಳಿದ. ಪುಣ್ಯಕ್ಕೆ ಪಕ್ಕದ ಮನೆಯೋರ ಚಂದ್ರಿಕೆ ಸಿಕ್ಕಿ ಅವನ ಬೆಳೆ ಉಳಿದಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ.

"ನಾನು ಮಿಸ್ ಕಾಲ್ ಕೊಟ್ರೆ ಎತ್ತಿದೋನು ಯಾವನಯ್ಯ? ಇದ್ದ ಒಂದು ರೂಪಾಯಿ ಕರೆನ್ಸಿನೂ ನುಂಗಿಬಿಟ್ನಲ್ಲ. ಅಂಗಡಿ ಇಟ್ಕೊಂಡೋರು ಫೋನ್ ಎತ್ತಬಾರದು ಅಂತ ಅಷ್ಟೂ ಗೊತ್ತಾಗಲ್ವಾ?"

ಅವತ್ತು ರಾತ್ರಿ ಮಾವ ನಮ್ಮ ಮನೆಗೆ ಊಟಕ್ಕೆ ಬರ್ತೀನಿ ಅಂದೋರು ಬರಲಿಲ್ಲ. ಹೆಂಡತಿ ತಟ್ಟೆ ಇಟ್ಟ ಸದ್ದಲ್ಲೇ ನನಗೆ ವಿಷಯ ಗೊತ್ತಾಯ್ತು. ಬೆಳಿಗ್ಗೆ ಎದ್ದೋನೇ ಹೋಗಿ ಮಿಷನ್ನಿಗೆ ಹೊಸ ಬುದ್ಧಿ ಹೇಳಿದೆ: ಬೇಗ ಎತ್ತಬೇಡ, ನಾಲ್ಕಾರು ರಿಂಗ್ ಆಗಲಿ, ಮಧ್ಯೆ ಇಟ್ಟೋರ ನಂಬರ್ ಸ್ಕ್ರೀನ್ ಮೇಲೆ ತೋರಿಸು. ಟೆಂಪೋ ಮತ್ತೆ ಓಡಾಡಿತು. ಸಾಹುಕಾರ್ರು ಅದನ್ನ ನೋಡಿ, "ಫೋನ್ ಎತ್ತದೆ ಇರೋದಕ್ಕೆ ಇಷ್ಟೆಲ್ಲ ಮಿಷನ್ ಬೇಕೇನಪ್ಪ?" ಅಂದ್ರು.

ಧಾರಾವಾಹಿ

ಕರೆಂಟ್ ಹೋದ್ರೂ ಫೋನ್ ನಡೀಲಿ ಅಂತ ದೊಡ್ಡ ಬ್ಯಾಟರಿಯ ಯುಪಿಎಸ್ ಹಾಕಿದ್ದೆ. ಆದ್ರೂ ಸಂಜೆ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ನಾಲ್ಕೂ ಊರಿನ ಫೋನ್ ಒಟ್ಟಿಗೆ ಸಾಯೋವು. ಹೊಸ ಬ್ಯಾಟರಿ ಹಾಕಿದೆ, ಆಗಲೂ ಹಾಗೇ. ಮಾವ ನಿಂಬೆಹಣ್ಣು ಬದಲಾಯಿಸಿದ್ರು, ಆಗಲೂ ಹಾಗೇ.

ಕೊನೆಗೆ ಯುಪಿಎಸ್ ಹಿಂದೆ ನೋಡಿದ್ರೆ ನಾನು ಹಾಕದೇ ಇರೋ ಒಂದು ವೈರು. ಗೋಡೆ ಹತ್ತಿ, ಕಿಟಕಿ ದಾಟಿ ಮೇಲಿನ ಮನೆಗೆ ಹೋಗಿದೆ. ಹಿಡ್ಕೊಂಡೇ ಮೆಟ್ಟಿಲು ಹತ್ತಿದೆ. ಅಲ್ಲಿ ಸಾಹುಕಾರ್ರ ತಾಯಿ, ಕತ್ತಲೆ ನಡುಮನೇಲಿ ಕಾಲು ಚಾಚ್ಕೊಂಡು ಟಿವಿ ನೋಡ್ತಿದಾರೆ. ಬೀದಿಗೆಲ್ಲ ಅದೊಂದೇ ಬೆಳಕು. ಅಕ್ಕಪಕ್ಕದ ಹೆಂಗಸರೂ ಬಂದು ಕೂತಿದಾರೆ.

"ಅಜ್ಜಿ, ಇದರಿಂದ ಫೋನೆಲ್ಲ ನಿಂತುಹೋಗುತ್ತೆ," ಅಂದೆ.

"ಹೋಗಲಿ ಬಿಡಪ್ಪ, ಫೋನು ನಾಳೆ ಮಾಡಿದ್ರೂ ಎತ್ತುತಾರೆ," ಅಂದ್ರು ಅಜ್ಜಿ, ಟಿವಿಯಿಂದ ಕಣ್ಣು ತೆಗೀದೆ. "ಅವಳು ಹಾಲಿಗೆ ವಿಷ ಬೆರೆಸೋದು ಇವತ್ತೇ."

ಕಾರಿನಲ್ಲಿ

ಒಂದ್ಸಲ ಬ್ರಾಂಚಿನ ಫೋನ್ ನೋಡೋಕೆ ಸಾಹುಕಾರ್ರ ಕಾರಲ್ಲೇ ಗೌರಿಬಿದನೂರಿಗೆ ಹೊರಟೆ. ಊರು ದಾಟಿದ ಕೂಡಲೇ ಅವರು ಮೊಬೈಲ್ ತೆಗೆದು ತಮ್ಮ ಅಂಗಡಿಗೇ ಫೋನ್ ಹಚ್ಚಿದ್ರು. ಆ ಕಡೆಯಿಂದ ಅಮ್ಮಾವ್ರ ದನಿ ಬಂತು. ಸಾಹುಕಾರ್ರು ಸೀಟಿಗೆ ಒರಗಿ ಕಾಲು ನೀಡಿದ್ರು.

"ಹೂಂ, ಚೆನ್ನಾಗಿದೀನಿ ಹೇಳೆ. ಚೆನ್ನಾಗಿರೋಕೆ ನೀನು ಬಿಟ್ರೆ ತಾನೆ? ಬೆಳಿಗ್ಗೆ ಉಪ್ಸಾರಿಗೆ ಉಪ್ಪು ಯಾರು ಹಾಕ್ತಾರೆ, ನಿಮ್ಮಪ್ಪನಾ? ನಿಮ್ಮಣ್ಣ ಬಂದು ಕೂತು ಎಷ್ಟು ದಿನ ಆಯ್ತು, ಯಾವಾಗ ಹೊರಡ್ತಾನಂತೆ? ಏನು, ಒಂದು ಒತ್ತಬೇಕಾ? ನೀನು ಹೇಳಿದ ಹಾಗೆಲ್ಲ ಒತ್ತೋಕೆ ನಾನೇನು ನಿಮ್ಮನೆ ಆಳಾ? ಒತ್ತಲ್ಲ ಹೋಗೆ."

ಫೋನ್ ಇಟ್ಟು, ಹೊಟ್ಟೆ ಹಗುರ ಆದೋರ ಹಾಗೆ ನನ್ನ ಕಡೆ ತಿರುಗಿದ್ರು. "ಮದುವೆಯಾದಾಗಿಂದ ಇಂಥದೊಂದು ಬೇಕಿತ್ತು ಕಣಪ್ಪ." ಮನೇಲಿ ಅಮ್ಮಾವ್ರ ಮುಂದೆ ಅವರಿಗೆ ಹೂಂ ಬಿಟ್ಟು ಬೇರೆ ಮಾತು ಹೊರಡಲ್ಲ ಅಂತ ಆಮೇಲೆ ಮಾವ ಹೇಳಿದ್ರು. ದಿನಾ ಇದೇ ಅಭ್ಯಾಸವಂತೆ. ಸದ್ಯ, ಒಂದು ಗಿರಾಕಿಗಾದ್ರೂ ಫೋನು ಹಿಡಿಸಿತಲ್ಲ ಅಂದ್ಕೊಂಡೆ.

ಗೌರಿ ಹಬ್ಬದ ಹಿಂದಿನ ದಿನ

ಹಿಡಿಸಿದ್ರೇನು, ವ್ಯಾಪಾರದ ವಿಷಯಕ್ಕೆ ಬಂದ್ರೆ ಸಾಹುಕಾರ್ರು ಸಾಹುಕಾರ್ರೇ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಾವನಿಗೆ ಹೇಳಿ ಕಾರು ಹತ್ತಿದ್ರಂತೆ: "ಸಂಜೆ ನಾನು ಬರೋ ಹೊತ್ತಿಗೆ ಆ ಡಬ್ಬ ಇಲ್ಲಿರಕೂಡದು. ಹಳೇ ಫೋನ್ ಹಾಕಿಸಿ."

ನಾನು ಸ್ಕ್ರೂಡ್ರೈವರ್ ತಗೊಂಡು ಹೋದೆ. ಮಾವ ನನ್ನ ಮುಖ ನೋಡಲಿಲ್ಲ. ಸಂಕಟ ಆಯ್ತು ನನಗೆ. ಫೋನ್ ಹೋಗಲಿ, ಹಬ್ಬದ ದಿನ ಆ ಮನುಷ್ಯ ಹೆಣ್ಣುಮಕ್ಕಳ ಮುಂದೆ ತಲೆ ತಗ್ಗಿಸಿ ಒಬ್ಬಟ್ಟು ತಿನ್ನಬೇಕಲ್ಲ ಅಂತ. ಡಬ್ಬದ ವೈರು ಬಿಚ್ಚಿ, ಲೈನನ್ನ ಹಳೇ ಫೋನಿಗೆ ಕೊಟ್ಟೆ.

ಅಷ್ಟರಲ್ಲಿ ಅಮ್ಮಾವ್ರು ಅಂಗಡಿಯೋರಿಗೆ ಹಬ್ಬದ ಹೂವು ಹಣ್ಣು ಕೊಡೋಕೆ ಬಂದ್ರು. ಬಂದು ನಿಂತಿದ್ದಾರೆ, ಹಳೇ ಫೋನ್ ರಿಂಗಾಯ್ತು. ನನ್ನ ಎರಡು ಕೈಯಲ್ಲೂ ವೈರು. ಅಮ್ಮಾವ್ರೇ ಎತ್ತಿದ್ರು. ಈ ಅಂಗಡಿ ಫೋನಲ್ಲಿ ಏನು ಹೇಳಬೇಕು ಅಂತ ಅವರಿಗೆ ಗೊತ್ತಲ್ಲ.

"ನಮಸ್ಕಾರ. ಚೆನ್ನಾಗಿದೀರಾ?"

ಆ ಕಡೆ ಸಾಹುಕಾರ್ರು. ನಮ್ಮ ಕಡೆ ಫೋನಲ್ಲಿ ಮಾತಾಡೋದು ಅಂದ್ರೆ ಕೂಗೋದೇ, ನನಗೂ ಮಾವನಿಗೂ ಒಂದೊಂದು ಮಾತೂ ಕೇಳಿಸ್ತು. "ಇನ್ನೂ ಕಿತ್ತಿಲ್ವಾ ನಿನ್ನನ್ನ? ಆಗಲಿ ಬಿಡು, ಇವತ್ತೇ ಕೊನೆ. ಸಂಜೆಯಿಂದ ನಿನ್ನ ಬಾಯಿ ಬಂದ್."

ಮಾವ ಕಣ್ಣು ಮುಚ್ಚಿಕೊಂಡ್ರು. ಅಮ್ಮಾವ್ರ ಮುಖ ಒಂದು ಗಳಿಗೆ ಕೆಂಪಾಯ್ತು. ಆಮೇಲೆ ಏನಾಯ್ತೋ, ರೆಕಾರ್ಡಿನ ಅದೇ ರಾಗದಲ್ಲಿ ಕೇಳಿದ್ರು, "ಮನೇಲಿ ಎಲ್ಲಾರೂ ಆರೋಗ್ಯವಾ?"

"ಆರೋಗ್ಯಕ್ಕೇನು, ನಿಮ್ಮಣ್ಣ ತಿಂದುಂಡು ಹೋರಿ ಆಗಿದಾನೆ. ಹಬ್ಬಕ್ಕೆ ನಿನಗೆ ಸೀರೆ ಬೇರೆ ಕೇಡು."

"ಬೇರೆ ಏನಾದ್ರೂ ಇದ್ರೆ ಹಾಗೇ ಇರಿ."

"ಇದೆ, ಕೇಳು," ಅಂತ ಶುರು ಮಾಡಿ ಸಾಹುಕಾರ್ರು ಅತ್ತೆಮನೆಯ ಒಬ್ಬರನ್ನೂ ಬಿಡಲಿಲ್ಲ. ಅಮ್ಮಾವ್ರು ಸಮಾಧಾನವಾಗಿ ಪೂರ್ತಿ ಕೇಳಿ, ಕೊನೆಗೆ ಅದೇ ರಾಗದಲ್ಲೇ ಹೇಳಿದ್ರು, "ಮಧ್ಯಾಹ್ನ ಊಟಕ್ಕೆ ಬನ್ನಿ. ನಮ್ಮಣ್ಣನೂ ಇರ್ತಾನೆ. ಇದನ್ನೆಲ್ಲ ಅವನ ಎದುರಿಗೇ ಹೇಳುವಿರಂತೆ."

ಆ ಕಡೆ ಟಪ್ ಅಂತ ಫೋನು ಕಟ್ಟಾಯ್ತು. ಅಮ್ಮಾವ್ರು ಫೋನಿಟ್ಟು ನನ್ನ ಕಡೆ ತಿರುಗಿದ್ರು. "ಅಳಿಯಂದ್ರೆ, ಆ ಡಬ್ಬ ಎಲ್ಲಿತ್ತೋ ಅಲ್ಲೇ ಇಡಿ. ಇನ್ನು ಮೇಲೆ ಯಾರೂ ಅದನ್ನ ಮುಟ್ಟಬಾರದು. ಹಾಗೇ ಇನ್ನೊಂದು. ಇವರ ನಂಬರಿಂದ ಫೋನ್ ಬಂದ್ರೆ ಒಂದ್ಸಲ ಮಿಷನ್ನಿಗೆ, ಒಂದ್ಸಲ ಮನೆಗೆ, ನನ್ನ ಕೈಗೆ, ಹೀಗೆ ಗೊತ್ತಾಗದ ಹಾಗೆ ಕಲಸಿ ಕಳಿಸೋಕೆ ಆಗುತ್ತಾ?"

"ಯಾಕಾಗಲ್ಲ ಅಮ್ಮಾವ್ರೆ, ಇದು ಯಾರು ಬೇಕಾದ್ರೂ ತಿದ್ದಿಕೊಳ್ಳೋ ಸಾಫ್ಟ್‌ವೇರು," ಅಂದೆ. ಅವತ್ತು ಮಾವ ಮೊದಲನೇ ಸಲ ನನಗೆ ಕಾಫಿ ಲೋಟ ಅವರೇ ತಂದುಕೊಟ್ರು. ಹಬ್ಬದ ದಿನ ನಮ್ಮ ಮನೇಲಿ ಮಾತೋ ಮಾತು.

ಹಬ್ಬ ಕಳೆದು ಮತ್ತೆ ಅದೇ ಕಾರಲ್ಲಿ ಹೋಗ್ತಿದ್ದೆ. ಸಾಹುಕಾರ್ರು ಏನೋ ಕೆಲಸಕ್ಕೆ ಅಂಗಡಿಗೆ ಫೋನ್ ಮಾಡಬೇಕಾಯ್ತು. "ನಮಸ್ಕಾರ, ಚೆನ್ನಾಗಿದೀರಾ" ಅಂತ ದನಿ ಬಂದಿದ್ದೇ ತಡ, ನೀಡಿದ್ದ ಕಾಲು ಮಡಿಸಿ ನೆಟ್ಟಗೆ ಕೂತ್ರು. ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನ ಮೆಲ್ಲಗೆ ಕೇಳಿದ್ರು, "ಇದು ಮಿಷನ್ನಾ, ಅವಳಾ?"

"ನನಗೂ ಗೊತ್ತಾಗಲ್ಲ ಸಾಹುಕಾರ್ರೆ," ಅಂದೆ.

ಸಾಹುಕಾರ್ರು ಬೆವರು ಒರೆಸ್ಕೊಂಡು, ಪೂರ್ತಿ ಕೇಳಿಸಿಕೊಂಡು, ಗಂಟಲು ಸರಿ ಮಾಡ್ಕೊಂಡು ಹೇಳಿದ್ರು:

"ಚೆನ್ನಾಗಿದೀನಿ ಕಣಮ್ಮ. ನಿಮ್ಮಣ್ಣನೂ ಚೆನ್ನಾಗಿದಾನೆ. ಒಂದು ಒತ್ಲಾ?"