ತಾರಸಿಯ ಮೇಲೆ ತೇಲಿದ ಹಡಗು

"ಈ ಮನೆಯವರು ಮೋಜಿಗೆ ಹೋಗಿ ಅಲ್ಲಿ ಒಂದೇ ಒಂದು ತಪ್ಪು ಮಾಡಿದ್ರೂ ನನಗೆ ಬೇರೆ ಹೆಸರಿಡಿ!" ಎಂದು ದಳಪತಿ ಊಟದ ಮೇಜು ಗುದ್ದಿ ಘೋಷಿಸಿದ.

ಬೇರೆ ಹೆಸರನ್ನು ಬೀದಿಯವರು ಎಂದೋ ಇಟ್ಟಾಗಿತ್ತು. ದಳಪತಿ ಎಂಬುದೇ ಅದು. ಅಗ್ನಿಶಾಮಕ ಠಾಣೆಯ ಮುಖ್ಯಸ್ಥನಾದ ಈತ ಬೆಂಕಿ ಬೀಳದ ದಿನಗಳಲ್ಲೂ ತನ್ನ ಸಿಬ್ಬಂದಿಯನ್ನು ಬಾಲಕ್ಕೆ ಬೆಂಕಿ ಬಿದ್ದವರಂತೆ ಓಡಿಸುತ್ತಿದ್ದ. ಏಣಿ ಹತ್ತು, ಏಣಿ ಇಳಿ, ಪೈಪು ಬಿಚ್ಚು, ಪೈಪು ಸುತ್ತು! ಅಭ್ಯಾಸವಿಲ್ಲದೆ ಯಾವ ಕೆಲಸಕ್ಕೂ ಕೈಹಾಕಬಾರದು ಎಂಬುದು ಅವನ ವೇದವಾಕ್ಯ. ಕೋಪವಂತೂ ಮೂಗಿನ ತುದಿಯಲ್ಲೇ ಬಿಡಾರ ಹೂಡಿತ್ತು. ಊರಿನ ಬೆಂಕಿಯನ್ನೆಲ್ಲ ಆರಿಸಿ ಬಂದ ಮನುಷ್ಯ ಮನೆಯ ಹೊಸ್ತಿಲು ದಾಟಿದೊಡನೆ ತಾನೇ ಹೊತ್ತಿಕೊಳ್ಳುತ್ತಿದ್ದ.

ಹೆಂಡತಿಗೆ ಕೆಲಸ ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ. ಗಾಜಿನಲ್ಲೊಂದು ತೂತು, ತೂತಿನ ಈಚೆಗೆ ಅವಳು, ಆಚೆಗೆ ಇಡೀ ಊರು. ನೀರಿಲ್ಲ ಎಂದು ಕೂಗುವವರು, ಬಂದ ನೀರು ಕೆಂಪಗಿದೆ ಎಂದು ಬಾಟಲಿ ಕುಲುಕಿ ತೋರಿಸುವವರು, ಏನೂ ಹೇಳದೆ ಸುಮ್ಮನೆ ಗಾಜು ಗುದ್ದುವವರು! ಗಾಜು ಒಡೆದರೆ ಹೊಸದು ಹಾಕುತ್ತಿದ್ದರು, ಅವಳನ್ನು ಕೇಳುವವರಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ಒಬ್ಬರಿಗೂ ತಿರುಗಿ ಬೈದವಳಲ್ಲ. ನುಂಗಿದ ಸಿಟ್ಟೆಲ್ಲ ಎಲ್ಲಿ ಜಮೆಯಾಗುತ್ತಿದೆ ಎಂದು ಗಂಡನಾದವನು ಯೋಚಿಸಬೇಕಿತ್ತು. ದಳಪತಿ ಯೋಚಿಸಲಿಲ್ಲ.

ಮದುವೆಯಾದಂದಿನಿಂದ ಇದು ಬೇಕು, ಅದು ಬೇಕು ಎನ್ನದ ಆಕೆ ಒಂದು ಸಂಜೆ ಚಪ್ಪಲಿ ಬಿಡುತ್ತ ಬಿಡುತ್ತಲೇ ಹೇಳಿದಳು: "ರೀ, ನನ್ನನ್ನ ಒಂದು ಸಲ ಹಡಗಿನಲ್ಲಿ ಕರ್ಕೊಂಡು ಹೋಗಿ. ಎಲ್ಲಿ ನೋಡಿದ್ರೂ ನೀರೇ ಇರಬೇಕು. ನೀರಿಲ್ಲ ಅಂತ ಕೂಗೋ ಒಂದು ನರಪಿಳ್ಳೆನೂ ಇರಬಾರದು."

ಸರಿ, ವಿಹಾರದ ಹಡಗಿಗೆ ನಾಲ್ಕು ಹಾಸಿಗೆಯ ಒಂದು ಕೋಣೆ ಗೊತ್ತಾಯಿತು. ಹಡಗು ಹೋಗಿ ನಿಲ್ಲುವ ಬಂದರಿನ ಪಕ್ಕದಲ್ಲೇ ದೊಡ್ಡ ಥೀಮ್ ಪಾರ್ಕ್. ಅದು ಮಗಳಿಗೆ. ದಳಪತಿಯ ತಾಯಿಗೆ ಸಮುದ್ರವೂ ಬೇಡ, ಪಾರ್ಕೂ ಬೇಡ. "ಹಡಗಿನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೂ ಬಡಿಸ್ತಾನೇ ಇರ್ತಾರಂತಲ್ಲೋ!" ಎಂದು ಆಕೆ ಎಲ್ಲರಿಗಿಂತ ಮೊದಲೇ ಚೀಲ ಕಟ್ಟಿಟ್ಟರು. ಹೆಂಡತಿಯ ಮೇಲಧಿಕಾರಿ ಮಾತ್ರ ರಜೆ ಕೊಡುವಾಗ ಕೊಕ್ಕೆ ಹಾಕಿದ: "ಬೇಸಿಗೆ ಕಾಲ. ನಿಮ್ಮ ವಲಯದಲ್ಲಿ ಒಂದು ಬೀದಿ ಒಣಗಿದ್ರೂ ರಜೆ ರದ್ದು, ನೋಡ್ಕೊಳ್ಳಿ."

ಅವಳು ನೋಡಿಕೊಂಡಳು. ನೀರಿನ ವಾಲ್ವು ತಿರುಗಿಸುವವರನ್ನು ದಿನಾ ಮಾತಾಡಿಸಿ, ಎಲ್ಲ ಬೀದಿಗೂ ನೀರು ಹೋಗುವಂತೆ ಕಣ್ಣಲ್ಲಿ ಕಣ್ಣಿಟ್ಟು ಕಾದಳು.

ಇತ್ತ ಮನೆಯಲ್ಲಿ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ಕಾರ್ಯಕ್ರಮ ಶುರುವಾಯಿತು. ಥೀಮ್ ಪಾರ್ಕಿನಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲಬೇಕಲ್ಲವೆ? ಬೆಳಗ್ಗೆ ಬಚ್ಚಲಮನೆಯ ಮುಂದೆ ಸಾಲು! ಒಳಗೆ ಯಾರೂ ಇಲ್ಲದಿದ್ದರೂ ಸಾಲು! ಎತ್ತರದ ಸವಾರಿಯಲ್ಲಿ ತಲೆ ತಿರುಗುತ್ತದಲ್ಲವೆ? ತಾಯಿಯನ್ನು ಠಾಣೆಯಿಂದ ತಂದ ಗಾಲಿಕುರ್ಚಿಯಲ್ಲಿ ಕೂರಿಸಿ, ಸೀಟಿ ಊದಿ, ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ತಳ್ಳಾಟ! "ಅಯ್ಯೋ ಪಾಪಿ, ಹೆತ್ತವಳನ್ನ ಸಾಯಿಸ್ತೀಯೇನೋ!" ಎಂದು ಅವರು ಕಿರುಚಿದರೆ, "ಕಿರುಚೋದು ಇಳಿಜಾರಿನಲ್ಲಿ ಮಾತ್ರ! ಈಗಲೇ ಉಸಿರು ಖಾಲಿ ಮಾಡ್ಕೋಬೇಡ!" ಎಂದು ಇವನ ಗರ್ಜನೆ.

ಮಗಳು ಕೇಳಿದಳು, "ಅಪ್ಪಾ, ಇದರಲ್ಲಿ ಮೋಜು ಯಾವಾಗ ಬರುತ್ತೆ?"

"ಅಭ್ಯಾಸ ಮುಗಿದ ಮೇಲೆ!"

"ಅಭ್ಯಾಸ ಯಾವಾಗ ಮುಗಿಯುತ್ತೆ?"

ದಳಪತಿಗೆ ಮೈಯೆಲ್ಲ ಉರಿಯಿತು. ಒಬ್ಬರಿಗಾದರೂ ಗಾಂಭೀರ್ಯವಿದೆಯೇ? ಹೆಂಡತಿಯಂತೂ ಇದನ್ನೆಲ್ಲ ನೋಡಿ, "ರೀ, ಹಡಗಿನವರಿಗೆ ಹಡಗು ನಡೆಸೋದು ಗೊತ್ತಿರುತ್ತೆ. ನೀವು ಸುಮ್ನೆ ಕೂತ್ಕೊಂಡ್ರೆ ಸಾಕು" ಎಂದು ಹೇಳಿ ಕೆಲಸಕ್ಕೆ ಹೊರಟುಬಿಟ್ಟಳು. ಸುಮ್ಮನೆ ಕೂರುವುದಂತೆ! ಠಾಣೆಯ ಮುಖ್ಯಸ್ಥನಿಗೆ ಹೇಳುವ ಮಾತೇ ಇದು? ಅವನು ಹಲ್ಲು ಕಡಿದ. ತೋರಿಸುತ್ತೇನೆ ಇವರಿಗೆ ಎಂದುಕೊಂಡ. ಮನೆ ಹಾಳಾಗುವ ಕೆಲಸಗಳೆಲ್ಲ ಈ ಎರಡು ಮಾತಿನಿಂದಲೇ ಶುರುವಾಗುವುದು.

ಹೊರಡಲು ವಾರವಿದ್ದ ಶನಿವಾರ ಮಧ್ಯಾಹ್ನ, ಹೆಂಡತಿ ಕೌಂಟರಿನಲ್ಲಿದ್ದಾಗ, ದಳಪತಿ ತಾರಸಿಯನ್ನು ಸಮುದ್ರ ಮಾಡಲು ಹೊರಟ. ಹಡಗು ಮುಳುಗಿದರೆ ದೋಣಿಗೆ ಇಳಿಯುವುದು ಹೇಗೆ ಎಂಬ ಅಭ್ಯಾಸ. ಠಾಣೆಯಿಂದ ಗಾಳಿ ತುಂಬುವ ರಬ್ಬರ್ ದೋಣಿ ಬಂತು. ತಾರಸಿಯ ನೀರು ಇಳಿದುಹೋಗುವ ಕೊಳವೆಗಳಿಗೆ ಹಳೆಯ ಟವೆಲುಗಳನ್ನು ಗಿಡಿದದ್ದಾಯಿತು. ನೀರು? ಬೇರೆಯವರಾಗಿದ್ದರೆ ಬಕೆಟ್ಟಿನಲ್ಲಿ ಹೊತ್ತು, ಸೊಂಟ ಹಿಡಿದು, ಅರ್ಧಕ್ಕೇ ಬುದ್ಧಿ ಬಂದು ನಿಲ್ಲಿಸುತ್ತಿದ್ದರು. ದಳಪತಿಯ ಬಳಿ ಬೀದಿ ಮೂಲೆಯಲ್ಲಿ ಬೆಂಕಿ ಆರಿಸಲೆಂದೇ ಇರುವ ದಪ್ಪ ನಲ್ಲಿಯ ಬೀಗದ ಕೈ ಇತ್ತಲ್ಲ! ಅದನ್ನು ತಿರುಗಿಸಿದ. ತೋಳಿನಷ್ಟು ದಪ್ಪದ ಪೈಪನ್ನು ಗೋಡೆಗುಂಟ ಮೇಲೇರಿಸಿದ. ಬೀದಿಯ ನೀರೆಲ್ಲ ಭುಸ್ಸೆಂದು ತಾರಸಿಗೆ ನುಗ್ಗಿತು.

"ಮಗನೇ, ನೀರು ನಿನ್ನ ಮೊಣಕಾಲಿಗೆ ಬಂತು ಕಣೋ," ಎಂದರು ದೋಣಿಯಲ್ಲಿ ಕೂತಿದ್ದ ತಾಯಿ.

"ಬರಲಿ! ಸಮುದ್ರ ಇನ್ನೂ ಆಳ ಇರುತ್ತೆ!"

ತುಸು ಹೊತ್ತಿನ ಮೇಲೆ ಸಮುದ್ರ ಸಾಕೆನಿಸಿ, ಕೆಳಗಿಳಿದು ನಲ್ಲಿ ನಿಲ್ಲಿಸಲು ಬಾಗಿಲಿಗೆ ಹೋದ. ಬಾಗಿಲು ತೆರೆದುಕೊಳ್ಳುವುದು ತಾರಸಿಯ ಕಡೆಗೆ. ಮೊಣಕಾಲೆತ್ತರದ ನೀರು ಅದನ್ನು ಈಚೆಯಿಂದ ಒತ್ತಿ ಹಿಡಿದಿತ್ತು. ಎಳೆದ. ಬರಲಿಲ್ಲ. ಹಲ್ಲುಕಚ್ಚಿ ಎಳೆದ. ಹಿಡಿ ಕಿತ್ತು ಕೈಗೆ ಬಂತು. ಟವೆಲನ್ನಾದರೂ ಕೀಳೋಣವೆಂದು ನೀರಿಗೆ ಕೈಹಾಕಿದರೆ ಅದು ಕೊಳವೆಯೊಳಗೆ ಜಾರಿ ಕಲ್ಲಿನಂತೆ ಕೂತಿತ್ತು. ಊರಿನವರನ್ನು ಎಷ್ಟೋ ಬಾಗಿಲುಗಳ ಹಿಂದಿನಿಂದ ಎಳೆದು ತಂದಿದ್ದ ಶೂರ, ಬಾಗಿಲ ಹಿಡಿಯನ್ನು ಕೈಯಲ್ಲಿ ಹಿಡಿದು ಸ್ವಂತ ತಾರಸಿಯ ಮೇಲೆ ಬಂದಿಯಾಗಿ ನಿಂತ. ನಾಚಿಕೆ ನುಂಗಿ ತನ್ನ ಠಾಣೆಗೇ ಫೋನ್ ಮಾಡಿದ.

ಗಂಟೆ ಬಾರಿಸುತ್ತ ಕೆಂಪು ವಾಹನ ಬಂತು. ಬೀದಿಯೆಲ್ಲ ಹೊರಗೆ ಬಂತು. ಚಾಲಕ ಕೆಳಗಿನಿಂದ ಕೂಗಿದ: "ಸಾರ್, ಇದು ಡ್ರಿಲ್ಲಾ, ನಿಜಾನಾ?"

ಅಷ್ಟೊಂದು ಜನರ ಮುಂದೆ ಏನು ಹೇಳುವುದು? "ಡ್ರಿಲ್!" ಎಂದು ದಳಪತಿ ಗುಡುಗಿದ.

ಅದೊಂದು ಸುಳ್ಳೇ ಅವನ ಕುತ್ತಿಗೆಗೆ ಬಂತು. ಡ್ರಿಲ್ ಎಂದ ಮೇಲೆ ಎಲ್ಲವೂ ಅವನು ಕಲಿಸಿದ ಕ್ರಮದಲ್ಲೇ ನಡೆಯಬೇಕಲ್ಲ! ಸಾಲಾಗಿ ನಿಂತರು, ಸೆಲ್ಯೂಟ್ ಹೊಡೆದರು, ತಲೆ ಎಣಿಸಿದರು, ಹೆಲ್ಮೆಟ್ಟಿನ ಪಟ್ಟಿ ನೋಡಿದರು. ಏಣಿಯನ್ನು ಒರೆಸಿದರು! "ನಲ್ಲಿ ನಿಲ್ಲಿಸ್ರೋ ಮೊದಲು!" ಎಂದು ಅವನು ಮೇಲಿನಿಂದ ಗಂಟಲು ಹರಿದುಕೊಂಡರೆ, "ಮೊದಲು ಜನ, ಆಮೇಲೆ ನೀರು ಅಂತ ನೀವೇ ಹೇಳಿಕೊಟ್ಟಿದ್ದು ಸಾರ್! ನಮ್ಮನ್ನ ಪರೀಕ್ಷೆ ಮಾಡ್ತಿದ್ದೀರಾ?" ಎಂದು ನಗುತ್ತ ಏಣಿ ಹತ್ತಿದರು.

ಅದೇ ಹೊತ್ತಿಗೆ ಕೌಂಟರಿನಲ್ಲಿ ಏನು ನಡೆಯಿತೆಂಬುದು ಆಮೇಲೆ ಹೆಂಡತಿಯ ಬಾಯಿಂದಲೇ ಅವನಿಗೂ, ಅವಳ ದನಿ ಮುಟ್ಟಿದ ನಾಲ್ಕು ಬೀದಿಗಳಿಗೂ ತಿಳಿಯಿತು. ಒಂದರ ಹಿಂದೊಂದು ಫೋನ್. ನೀರು ನಿಂತಿದೆ, ನೀರು ನಿಂತಿದೆ! ಯಾವ ಬೀದಿ ಎಂದು ಕೇಳಿದರೆ ಎಲ್ಲರೂ ಅವಳ ಬೀದಿಯನ್ನೇ ಹೇಳುತ್ತಿದ್ದರು. ಕೊನೆಗೆ ಬಂದದ್ದು ಅವರ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬರೇ ಇರುವ ನಿವೃತ್ತ ಟೀಚರಮ್ಮನ ಫೋನು.

"ಎಲ್ಲರಿಗೂ ನೀರು ಬರ್ತಾ ಇಲ್ಲ ಅಲ್ವೇನಮ್ಮಾ? ನನಗೆ ಬರ್ತಾ ಇದೆ. ಫ್ಯಾನಿನಿಂದ ಬರ್ತಾ ಇದೆ. ಹಾಸಿಗೆ ಮೇಲೆ ಬರ್ತಾ ಇದೆ. ಮಂಚದ ಮೇಲೆ ಕೊಡೆ ಹಿಡ್ಕೊಂಡು ಕೂತಿದೀನಿ. ತಾರಸಿ ಮೇಲೆ ನಿನ್ನ ಗಂಡ ಸೀಟಿ ಊದ್ತಾ ಇದ್ದಾನೆ!"

ಹಿಂದೆಯೇ ಮೇಲಧಿಕಾರಿ ಬಂದು ನಿಂತಿದ್ದ. "ನಿಮ್ಮ ವಲಯ. ನಿಮ್ಮ ಬೀದಿ. ದೂರು ಕೊಟ್ಟ ಪ್ರತಿಯೊಬ್ಬರೂ ತೊಂದರೆ ನೀಗಿದೆ ಅಂತ ಸೋಮವಾರದೊಳಗೆ ಸಹಿ ಹಾಕ್ಬೇಕು. ಒಬ್ಬರು ಹಾಕದಿದ್ರೂ ನಿಮ್ಮ ಹಡಗು ಇಲ್ಲ."

ಹೆಂಡತಿ ಮನೆಗೆ ಬಂದಾಗ ದಳಪತಿ ಪಡಸಾಲೆಯಲ್ಲಿ ಒದ್ದೆ ಬಟ್ಟೆಯಲ್ಲೇ ನಿಂತು ಮಾತು ಸಿದ್ಧ ಮಾಡಿಕೊಂಡಿದ್ದ. "ನೋಡೇ, ಅಭ್ಯಾಸ ಅಂದ ಮೇಲೆ..."

"ಬಾಯಿ ಮುಚ್ಚಿ!"

ಮುಚ್ಚಿದ. ಅವನ ತಾಯಿ ಕೂಡ ಅಗಿಯುತ್ತಿದ್ದುದನ್ನು ನಿಲ್ಲಿಸಿದರು.

"ಊರಿನವರೆಲ್ಲ ಬೈದ್ರು, ಕೇಳ್ದೆ. ಗಾಜಿಗೆ ಉಗುಳಿದ್ರು, ಒರೆಸ್ದೆ. ಯಾರಿಗೂ ಒಂದು ಮಾತು ಅನ್ಲಿಲ್ಲ. ನಿಮ್ಮನ್ನ ಬಂಗಾರ ಕೇಳಿದ್ನಾ? ಬಂಗಲೆ ಕೇಳಿದ್ನಾ? ನಾಲ್ಕು ದಿನ ನೀರು ನೋಡ್ತಾ ಸುಮ್ನೆ ಕೂರಬೇಕು ಅಂತ ಕೇಳ್ದೆ! ಅದಕ್ಕೋಸ್ಕರ ಬೇಸಿಗೆ ಪೂರ್ತಿ ಒಂದೊಂದು ನಲ್ಲೀನೂ ಮಗು ಥರ ಕಾಯ್ದೆ. ನೀವು ಆ ನೀರನ್ನೇ ತಗೊಂಡು ನನ್ನ ತಲೆ ಮೇಲೆ ಸುರಿದ್ರಿ! ನಿಮಗೆ ಸಮುದ್ರ ಬೇಕಾಗಿರ್ಲಿಲ್ಲ. ಸೀಟಿ ಊದೋಕೆ ಒಂದು ಜಾಗ ಬೇಕಾಗಿತ್ತು, ಅಷ್ಟೇ!"

ಆಡುತ್ತ ಆಡುತ್ತ ಅವಳ ದನಿ ಒಡೆಯಿತು. ಎಷ್ಟೋ ವರ್ಷದ ಸಿಟ್ಟು ಕಟ್ಟೆಯೊಡೆದು ಬಂದಿತ್ತು. ಅದರಲ್ಲಿ ಊರಿನವರ ಪಾಲೂ ಇತ್ತು, ಆದರೆ ಎದುರಿಗೆ ಸಿಕ್ಕಿದವನು ಇವನೊಬ್ಬನೇ. ದಳಪತಿಗೆ ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮರುದಿನ ಗಂಡ ಹೆಂಡತಿ ಮನೆಮನೆಗೆ ಹೋದರು. ಇವನು ತಲೆತಗ್ಗಿಸಿ ಕೊಡ ಹೊತ್ತು ನೀರು ತುಂಬಿದ, ಅವಳು ಸಹಿ ಹಾಕಿಸಿಕೊಂಡಳು. ಒಬ್ಬೊಬ್ಬರೂ ಮನಸಾರೆ ಬೈದೇ ಸಹಿ ಹಾಕಿದರು. "ಮಾಡಿದ್ದುಣ್ಣೋ ಮಹರಾಯ!" ಎಂದ ಎದುರುಮನೆಯ ಟೈಲರ್, ಎರಡನೇ ಕೊಡವನ್ನೂ ತರಿಸಿಕೊಂಡು.

ಉಳಿದದ್ದು ಮಹಡಿಯ ಟೀಚರಮ್ಮ. ಆಕೆಯ ಕೋಣೆಯಲ್ಲಿ ಸೂರಿನ ಗಾರೆ ಕಳಚಿ ಹಾಸಿಗೆಯ ಮೇಲೆ ಬಿದ್ದಿತ್ತು.

"ಸಹಿ ಬೇಕಾ? ಸೂರು ಮೊದಲಿನ ಹಾಗೆ ಮಾಡಿಕೊಡು. ಅಲ್ಲಿವರೆಗೆ ನಾನು ಎಲ್ಲಿ ಮಲಗ್ಲಿ, ನೀನೇ ಹೇಳು. ಆ ದೋಣೀಲಾ?"

"ತಪ್ಪಾಯ್ತು ಟೀಚರಮ್ಮಾ. ಸೂರು ಒಣಗೋಕೇ ನಾಲ್ಕು ದಿನ ಬೇಕು..."

"ಹಾಗಾದ್ರೆ ಸಹಿಗೂ ನಾಲ್ಕು ದಿನ ಬೇಕು!" ಬಾಗಿಲು ಮುಖಕ್ಕೆ ಬಡಿಯಿತು.

ಅಷ್ಟು ದಿನ ಕಾದರೆ ಕಚೇರಿಯ ಗಡುವು ಮೀರುತ್ತದೆ, ರಜೆ ಹೋಗುತ್ತದೆ. ದಳಪತಿ ಮೆಟ್ಟಿಲ ಮೇಲೆ ಕುಸಿದು ಕೂತ. ಹೆಂಡತಿ ಏನನ್ನೋ ಯೋಚಿಸಿ, ಅವನನ್ನು ಕೆಳಕ್ಕೆ ಕಳಿಸಿ ಒಬ್ಬಳೇ ಬಾಗಿಲು ತಟ್ಟಿದಳು. ಒಳಗಿನಿಂದ ಮೊದಲು ಟೀಚರಮ್ಮನ ಜೋರು ದನಿ ಕೇಳಿತು, ಆಮೇಲೆ ಪಿಸುಮಾತು, ಆಮೇಲೆ, ಅಚ್ಚರಿ, ಇಬ್ಬರ ನಗು! ಅವಳು ಕೆಳಗಿಳಿದು ಬಂದಾಗ ಸಹಿಯಾಗಿತ್ತು.

"ಹೇಗೆ ಒಪ್ಪಿದ್ರೇ?"

"ಅವರಿಗೆ ಮಲಗೋಕೆ ಒಂದು ಜಾಗ ಬೇಕಿತ್ತು. ಕೊಟ್ಟೆ. ಹೊರಡೋವರೆಗೆ ನಮ್ಮ ಪಡಸಾಲೇಲಿ."

"ಆಮೇಲೆ?"

"ಹಡಗಿನಲ್ಲಿ."

"ಹಡಗಿನಲ್ಲಾ? ನಮ್ಮ ಕೋಣೇಲಿ ಇರೋದೇ ನಾಲ್ಕು ಹಾಸಿಗೆ ಕಣೇ!"

"ಹೌದು," ಎಂದಳು ಹೆಂಡತಿ. "ನಾಲ್ಕೇ."

ದಳಪತಿ ಒಂದು, ಎರಡು ಎಂದು ಬೆರಳು ಮಡಿಚುತ್ತ ಹೋಗಿ, ಕೊನೆಯ ಬೆರಳನ್ನು ಹಾಗೇ ಹಿಡಿದು ನಿಂತ. ಹೆಸರು ಬದಲಾಯಿಸಲು ಹಡಗಿನವರು ಒಪ್ಪುವುದಿಲ್ಲ ಎಂದು ಹೇಳಿ ನೋಡಿದ.

"ಫೋನ್ ಮಾಡಿ ಆಗೋಯ್ತು ರೀ. ಪುಣ್ಯಾತ್ಮರು, ಮೊದಲನೇ ರಿಂಗಿಗೇ ಎತ್ತಿದ್ರು!"

ತಾಯಿಯಾದರೂ ತನ್ನ ಪರ ನಿಲ್ಲುತ್ತಾಳೇನೋ ಎಂದು ಅತ್ತ ತಿರುಗಿದ. "ಟೀಚರಮ್ಮ ಕುರ್ಚಿ ತಳ್ಳೋದಿಲ್ಲ ಬಿಡು," ಎಂದರು ತಾಯಿ. ಮಗಳು ಕುಣಿಯುತ್ತ ಟೀಚರಮ್ಮನ ಚೀಲ ತರಲು ಮೇಲಕ್ಕೆ ಓಡಿದಳು.

ಹೊರಡುವ ದಿನ ನಾಲ್ವರ ಸಾಮಾನನ್ನೂ ಅವನೇ ಟ್ಯಾಕ್ಸಿಗೆ ಏರಿಸಿದ. ಯಾರೂ ಸಾಲು ನಿಲ್ಲಲಿಲ್ಲ, ಯಾರೂ ತಲೆ ಎಣಿಸಲಿಲ್ಲ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತ ಒಳಗೆ ತುರುಕಿಕೊಂಡರು. ಹೆಂಡತಿ ಕಿಟಕಿಯ ಗಾಜು ಇಳಿಸಿ, "ಊಟ ಮಾಡಿ ಹೊತ್ತಿಗೆ ಸರಿಯಾಗಿ," ಎಂದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೆ ಕಣ್ಣು ಆಗಲೇ ಸಮುದ್ರದ ಕಡೆಗಿತ್ತು. ಅವಳ ಮುಖ ಅಷ್ಟು ಹಗುರವಾಗಿದ್ದುದನ್ನು ಅವನು ನೋಡಿಯೇ ಎಷ್ಟೋ ಕಾಲವಾಗಿತ್ತು. ಕೋಪ ಮಾಡಿಕೊಳ್ಳಲು ಪ್ರಯತ್ನಪಟ್ಟ. ಬರಲಿಲ್ಲ.

ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೆ ಏಣಿ, ಕರಣೆ, ಸಿಮೆಂಟು, ಖಾಲಿ ಬಕೆಟ್ಟು ಹೊತ್ತು ಟೀಚರಮ್ಮನ ಮನೆಗೆ ಹತ್ತಿದ. ಗಾರೆ ಕಲಸಬೇಕು. ನಲ್ಲಿ ತಿರುಗಿಸಿದ. ಉಸ್ಸ್ ಎಂದು ಗಾಳಿ ಬಂತು. ಇನ್ನಷ್ಟು ತಿರುಗಿಸಿದ. ಇನ್ನಷ್ಟು ಗಾಳಿ. ಕೊನೆಗೂ ಸಿಟ್ಟು ನೆತ್ತಿಗೇರಿತು! ದೂರು ಕೌಂಟರಿಗೆ ಫೋನ್ ಹಚ್ಚಿದ. ಹೆಂಡತಿಯ ಜಾಗದಲ್ಲಿ ಕೂತಿದ್ದ ಯಾರೋ ಹೊಸಬ ಎತ್ತಿಕೊಂಡ.

"ಏನ್ರೀ ಇದು! ತೆರಿಗೆ ಕಟ್ತೀವಿ, ಒಂದು ತೊಟ್ಟು ನೀರಿಲ್ಲ! ಮನುಷ್ಯರು ಬದುಕೋದು ಬೇಡ್ವಾ?"

"ಯಾವ ಬೀದಿ ಸಾರ್?"

ದಳಪತಿ ಹೇಳಿದ. ಕೇಳಿದ್ದೇ ತಡ, ಹೊಸಬನೇ ರೇಗಿಬಿಟ್ಟ.

"ಅಯ್ಯೋ, ಆ ಬೀದಿಯಾ? ನಮ್ಮನ್ಯಾಕೆ ಬೈತೀರಾ ಸಾರ್! ನಿಮ್ಮ ಬೀದೀಲೇ ಯಾವನೋ ಒಬ್ಬ ತಲೆಕೆಟ್ಟವನು ಇದಾನಂತೆ. ತಾರಸಿ ಮೇಲೆ ಹಡಗು ಬಿಡ್ತೀನಿ ಅಂತ ದೊಡ್ಡ ನಲ್ಲೀನೇ ತಿರುಗಿಸಿದಾನೆ. ಅವತ್ತಿಂದ ನಿಮ್ಮ ಕಡೆ ನೀರಿನ ಪಾಳಿ ಎಲ್ಲ ಏರುಪೇರು! ಹೋಗಿ ಅವನನ್ನ ಕೇಳಿ. ಸಿಕ್ಕಿದ್ರೆ ನಮ್ಮ ಕಚೇರಿ ಪರವಾಗಿ ಎರಡು ಬಾರಿಸಿ!"

"ಆಗ್ಲಿ ಸಾರ್," ಎಂದು ದಳಪತಿ ಮೆಲ್ಲಗೆ ಫೋನಿಟ್ಟ. ಸುತ್ತ ನೋಡಿದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಖಾಲಿ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಹಣೆಗೆ ಎರಡು ಬಾರಿಸಿಕೊಂಡ.