ಎರಡು ಸೆಂಟಿಮೀಟರ್ ದೂರದ ವಿದ್ಯುತ್ ಕ್ಷೇತ್ರ

ಮರಾಠಿ ನಾಡಿನ ಅಂಬಡ್‌ನ ಸ್ವಿಚ್ ಕಾರ್ಖಾನೆಯೊಂದರ ಗೋದಾಮಿನಲ್ಲಿ ಹದಿನೆಂಟು ವರ್ಷ ಡಬ್ಬಿ ಜೋಡಿಸಿದ ನನಗೆ ವಿದ್ಯುತ್ತಿನ ವಿಷಯದಲ್ಲಿ ಕಲಿಯಬೇಕಾದದ್ದೇನೂ ಉಳಿದಿಲ್ಲವೆಂದು ದೃಢವಾಗಿ ನಂಬಿದ್ದೆ. ಆದ್ದರಿಂದಲೇ ಹನ್ನೆರಡನೆಯ ತರಗತಿಯ ಮಗಳು ಶ್ರಾವಣಿಯ ನೋಟ್‌ಬುಕ್ಕನ್ನು ಕೇಳದೆಯೇ ಎಳೆದುಕೊಂಡೆ. ಮರುದಿನ ಅವಳ ಟ್ಯೂಷನ್ನಿನಲ್ಲಿ ಪರೀಕ್ಷೆ. ಪಾಸಾದವರಿಗಷ್ಟೇ ಜಾಣರ ಮೊದಲ ಬ್ಯಾಚು!

ವಿದ್ಯುದಾವೇಶವಿರುವ ಬಹುದೊಡ್ಡ ತಗಡು. ಅದರಿಂದ ಒಂದು ಸೆಂಟಿಮೀಟರ್ ದೂರದಲ್ಲಿ ವಿದ್ಯುತ್ ಕ್ಷೇತ್ರ ಇಷ್ಟಿದ್ದರೆ, ಎರಡು ಸೆಂಟಿಮೀಟರ್ ದೂರದಲ್ಲಿ ಎಷ್ಟು? ಅವಳು ‘ಅಷ್ಟೇ’ ಎಂದು ಬರೆದಿದ್ದಳು.

“ಏ, ದೂರ ಹೋದ್ರ ಕಮ್ಮಿ ಆಗ್ಬೇಕಲ್ಲ!”

“ಪಪ್ಪಾ, ಪ್ಲೇಟ್ ಖೂಪ್ ದೊಡ್ಡದದ ನಾ. ಫೀಲ್ಡ್ ಸೇಮ್‌ಚ್ ಇರ್ತದ.”

ಅವಳನ್ನು ಅಡುಗೆಮನೆಗೆ ಕರೆದೊಯ್ದೆ. ಹೆಂಡತಿ ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. “ನೋಡು, ಹಂಚಿನ ಹತ್ರ ಕೈ ತಂದ್ರ ಬಿಸಿ. ದೂರ ಒಯ್ದ್ರ...” ಎನ್ನುತ್ತಾ ಬೆರಳನ್ನು ಹಂಚಿಗೇ ತಾಗಿಸಿಬಿಟ್ಟೆ!

“ಏನ್ ಮಾಡ್ಲಕತ್ತೀರಿ? ಕೈನೂ ಸುಟ್ಕೊಂಡ್ರಿ, ರೊಟ್ಟಿನೂ ಸೀದ್ಹೋಯ್ತು!”

ಬೆರಳನ್ನು ನೀರಿನಲ್ಲಿ ಅದ್ದಿಕೊಂಡೇ ತೀರ್ಪು ಕೊಟ್ಟೆ: “ಎರಡು ಪಟ್ಟು ದೂರ, ಕಾಲು ಭಾಗ ಕ್ಷೇತ್ರ. ಬರಿ!”

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಒಂದೇ ಅಂಕಕ್ಕೆ ಮಗಳು ಫೇಲಾದಳು. ಟ್ಯೂಷನ್ನಿನ ಸರ್ ನನ್ನನ್ನು ಕರೆಸಿ, “ಸರಿ ಉತ್ತರ ಬರೆದು, ಹೊಡೆದುಹಾಕಿ, ತಪ್ಪು ಬರೆದಿದ್ದಾಳೆ. ಯಾರು ತಲೆ ಕೆಡಿಸಿದರು?” ಎಂದು ಮರಾಠಿಯಲ್ಲಿ ಕೇಳಿದರು. ಶ್ರಾವಣಿ ನೆಲ ನೋಡುತ್ತಾ ನಿಂತಳೇ ಹೊರತು ನನ್ನತ್ತ ಬೆರಳು ತೋರಿಸಲಿಲ್ಲ. ಸುಟ್ಟ ಬೆರಳನ್ನು ನಾನೇ ಮೇಲೆತ್ತಿದೆ.

“ನಾನೇ, ಸರ್.”

ಅವರು ಹಲಗೆಯ ಮೇಲೆ ಸಮಾನಾಂತರ ಗೆರೆಗಳನ್ನೆಳೆದು, ಗೆರೆ ಹರಡುವುದಿಲ್ಲ, ಆದ್ದರಿಂದ ಕ್ಷೇತ್ರ ಕಡಿಮೆಯಾಗುವುದಿಲ್ಲ ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ! ಕೊನೆಗೆ ಭಾನುವಾರ ಮರುಪರೀಕ್ಷೆ ಕೊಡಲು ಒಪ್ಪಿದರು. ಆಮೇಲೆ ಮೆಲ್ಲಗೆ, “ಶನಿವಾರ ನಿಮಗೆ ಊರಾಚೆ ಏನಾದರೂ ಕೆಲಸವಿದೆಯೇ?” ಎಂದರು.

ಇರಲಿಲ್ಲ. ಮನೆಗೆ ಬಂದು ಹೇಳಿದ್ದೇ ತಡ, ಮಹಾದೇವಿ ಒಂದು ಕೆಲಸ ಹುಟ್ಟಿಸಿದಳು. ವೈಜಾಪುರದಲ್ಲಿರುವ ತನ್ನ ತಮ್ಮನ ಮನೆಗೆ ಚಟ್ನಿಪುಡಿ ಮುಟ್ಟಿಸಬೇಕಂತೆ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ತಗಡೇ ಕಣ್ಣಮುಂದೆ. ತಲುಪಿದವನೇ ಮನೆಗೆ ಫೋನ್ ಹಚ್ಚಿದೆ: “ಅಲ್ಲಾ, ತಗಡು ಎಷ್ಟೇ ದೊಡ್ಡದಿರ್ಲಿ...”

“ಸುಮ್ಕ ಉಂಡು ಮಕ್ಕೋರಿ!” ಮಹಾದೇವಿ ಫೋನ್ ಕಟ್ ಮಾಡಿದಳು!

ಶ್ರಾವಣಿ ಮೊದಲ ಬ್ಯಾಚಿಗೆ ಸೇರಿದಳು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಕ್ಷೇತ್ರ ಯಾಕೆ ಕಡಿಮೆಯಾಗುವುದಿಲ್ಲವೋ, ನನಗಿನ್ನೂ ತಿಳಿದಿಲ್ಲ. ಕೇಳುವ ಧೈರ್ಯವೂ ಇಲ್ಲ. ಮೊನ್ನೆ ಹೆಂಡತಿಯ ತಮ್ಮನೇ ಫೋನ್ ಮಾಡಿದ್ದ.

“ಮಾವಾರ, ಶ್ರಾವಣಿದು ಮುಂದಿನ ಪರೀಕ್ಷಾ ಯಾವಾಗ್ರಿ? ನಿಮ್ಮ ಹಾಸಿಗಿ ತೆಗೆದಿಡ್ತೀವಿ.”