ಸಾಕಣ್ಣನಿಗೆ ಮಕ್ಕಳು ಬೇಕು

ಮನೆಮನೆಗೂ ಹೋಗಿ "ಎರಡು ಸಾಕು, ಒಂದಾದರೆ ಇನ್ನೂ ಒಳ್ಳೇದು" ಎಂದು ಹೇಳಿ ಹೇಳಿ, ಆರೋಗ್ಯ ಇಲಾಖೆಯ ಆ ನೌಕರನಿಗೆ ಸಾಕಣ್ಣ ಎಂದೇ ಹೆಸರು ಬಿದ್ದಿತ್ತು. ಊರು ಅವನ ಮಾತು ಕೇಳಿತು. ಎಡವಟ್ಟಾದದ್ದೇ ಅಲ್ಲಿ.

ಅವನ ಹೆಂಡತಿ ಅದೇ ಬೀದಿಯ ಶಾಲೆಯ ಟೀಚರು. ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ಸುದ್ದಿ ಹೇಳಿದಳು.

"ಇವತ್ತು ದೊಡ್ಡ ಸಾಹೇಬರು ಬರ್ತಾರೆ ರೀ. ಮಕ್ಕಳು ಸಾಲದು, ಶಾಲೆ ಮುಚ್ತಾರಂತೆ. ನನ್ನನ್ನ ಗುಡ್ಡದಾಚೆ ಊರಿಗೆ ಹಾಕ್ತಾರೆ."

ಶಾಲೆ, ಆಸ್ಪತ್ರೆ, ಚರಂಡಿ ಎಲ್ಲಕ್ಕೂ ಆ ಸಾಹೇಬರೇ ಮೇಲಿನವರು. ಸಾಕಣ್ಣ ಓದುತ್ತಿದ್ದ ಪೇಪರ್ ಮಡಚಿಟ್ಟ. ಹೆಂಡತಿಯಿಲ್ಲದೆ ಅವನಿಗೆ ಸ್ವಂತ ಟವೆಲೂ ಸಿಗದು. ಅವಳ ಬೈಗುಳವಿಲ್ಲದೆ ಹೊತ್ತೂ ಹೋಗದು, ಅಷ್ಟು ಪ್ರೀತಿ.

"ಎಷ್ಟು ಮಕ್ಕಳು ಬೇಕು?"

"ನಾಲ್ಕೈದು ಸಿಕ್ಕಿದ್ರೆ ಸಾಕು."

"ತರ್ತೀನಿ ಬಿಡು," ಎಂದು ಸೊಪ್ಪು ತರಲು ಹೊರಟವನಂತೆ ಚಪ್ಪಲಿ ಮೆಟ್ಟಿದ.

ಶಾಲೆಗೆ ಮಗುವನ್ನು ಕಳಿಸು ಎಂದು ಕೇಳಿದ್ದಕ್ಕೆ ಟೈಲರ್ ಕತ್ತರಿ ಕೆಳಗಿಟ್ಟ. "ನಿಮ್ಮ ಮಾತು ಕೇಳಿ ಒಂದಕ್ಕೇ ನಿಲ್ಲಿಸ್ದೆ. ಅವನಿಗೀಗ ಮೀಸೆ ಬಂದಿದೆ. ಒಂದನೇ ಕ್ಲಾಸಲ್ಲಿ ಕೂರಿಸ್ತೀರಾ?"

ಹೊಸದಾಗಿ ಮದುವೆಯಾದ ಕ್ಷೌರದಂಗಡಿಯವನು ನಾಚಿಕೊಂಡ. "ಮಧ್ಯಾಹ್ನಕ್ಕೇ ಬೇಕು ಅಂದ್ರೆ ಹೇಗಣ್ಣ? ಒಂಬತ್ತು ತಿಂಗಳಾದ್ರೂ ಟೈಮ್ ಕೊಡಿ!"

ಅಂಗಡಿಯೆಲ್ಲ ಗೊಳ್ಳೆಂದಿತು. ಅರ್ಧ ಗಡ್ಡ ಹೆರೆಸಿಕೊಂಡವನೂ ನಕ್ಕು ಕೆನ್ನೆ ಕೊಯ್ಸಿಕೊಂಡ.

ಉಳಿದದ್ದು ಇಸ್ತ್ರಿ ಅಂಗಡಿಯ ಅಕ್ಕ. ಅವಳಿಗೆ ಐದು ಮಕ್ಕಳು. ಹೋದ ವರ್ಷ ಇಲಾಖೆಯ ಜೀಪನ್ನು ಅವಳ ಬಾಗಿಲಲ್ಲೇ ನಿಲ್ಲಿಸಿ ಸಾಕಣ್ಣ ಮೈಕಿನಲ್ಲಿ, "ಈ ಮನೆ ನೋಡಿ ಬುದ್ಧಿ ಕಲೀರಿ" ಎಂದು ಕೂಗಿದ್ದ. ಮಾರನೇ ದಿನವೇ ಅವಳು ಐವರನ್ನೂ ಟೀಚರಮ್ಮನ ಶಾಲೆಯಿಂದ ಬಿಡಿಸಿ ದೂರದ ಶಾಲೆಗೆ ಸೇರಿಸಿದ್ದಳು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಅವನು ಕೈಮುಗಿದು ನಿಂತ.

"ಕಳಿಸ್ತೀನಿ," ಎಂದಳು ಅಕ್ಕ, ಇಸ್ತ್ರಿಪೆಟ್ಟಿಗೆ ಕೆಳಗಿಡದೆ. "ಆದ್ರೆ ಯಾವ ಮೈಕಲ್ಲಿ ನನ್ನ ಮಾನ ಕಳೆದ್ರೋ, ಅದೇ ಮೈಕಲ್ಲಿ ವಾಪಸ್ ಕೊಡಿ."

ಜೀಪು ಬಂತು.

"ಮಹಾಜನಗಳೇ! ಈ ಅಕ್ಕನ ಮಕ್ಕಳು ಮುತ್ತಿನಂಥವರು!"

"ಕೇಳಿಸ್ಲಿಲ್ಲ," ಎಂದಳು ಅಕ್ಕ.

ಮೈಕು ಕೈಗೆ ಸಿಕ್ಕಿದರೆ ಸಾಕಣ್ಣನಿಗೆ ಹಿಂದುಮುಂದು ತಿಳಿಯುವುದಿಲ್ಲ. "ಐದಲ್ಲ, ಹತ್ತಿದ್ದರೂ ಚೆಂದ! ಮಕ್ಕಳೇ ಊರಿನ ಭಾಗ್ಯ! ಎಲ್ಲರೂ ಈ ಅಕ್ಕನ್ನ ನೋಡಿ ಕಲೀರಿ!" ಹಿಂದೆ ಒಂದು ಕಾರು ದಾರಿಗಾಗಿ ಹಾರನ್ ಹೊಡೆಯುತ್ತಲೇ ಇತ್ತು. "ತಡೀರಿ ಸ್ವಾಮಿ!" ಎಂದು ಮೈಕಿನಲ್ಲೇ ಗದರಿದ.

ಮಧ್ಯಾಹ್ನ ಐದು ಮಕ್ಕಳೂ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಸಾಹೇಬರು ಒಮ್ಮೆ ಕಣ್ಣಾಡಿಸಿ ತಲೆದೂಗಿದರು.

"ಶಾಲೆ ಮುಚ್ಚೋದಿಲ್ಲ. ಟೀಚರ್ ಇಲ್ಲೇ ಇರ್ಲಿ."

ಕಿಟಕಿಯಾಚೆ ನಿಂತಿದ್ದ ಸಾಕಣ್ಣನಿಗೆ ಹೋದ ಜೀವ ಬಂದಂತಾಯಿತು. ಸಾಹೇಬರು ಅವನತ್ತ ತಿರುಗಿದರು.

"ಮೈಕಲ್ಲಿ ಕೂಗ್ತಿದ್ದೋರು ನೀವೇ ಅಲ್ವಾ? ಹಿಂದಿನ ಕಾರಲ್ಲಿ ನಾನೇ ಇದ್ದೆ."

"ಸಾರ್, ಅದು..."

"ದೇಶದ ಗುರಿ ಒಂದು, ನಿಮ್ಮ ಗುರಿ ಇನ್ನೊಂದು. ಗುಡ್ಡದಾಚೆ ಊರಲ್ಲಿ ಮನೆಗೆ ಆರೇಳು ಮಕ್ಕಳಂತೆ. ನಾಳೆಯೇ ಹೊರಡಿ. ಅಲ್ಲಿ ಕೂತು ನಿಮ್ಮ ಹಳೇ ಪಾಠ ಹೇಳಿ."

ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಕಣ್ಣ ಕಾಲೆಳೆಯುತ್ತ ಮನೆಯತ್ತ ನಡೆದ. ಇಸ್ತ್ರಿ ಅಂಗಡಿಯ ಮುಂದೆ ಬಂದಾಗ, ಮಕ್ಕಳ ಬಾಯಲ್ಲಿ ಆಗಲೇ ಸುದ್ದಿ ಕೇಳಿದ್ದ ಅಕ್ಕ ಕರೆದಳು.

"ಅಣ್ಣಾ, ನಾಲ್ಕು ಅಂಗಿ ಕೊಟ್ಟೋಗಿ. ಹೊಸ ಊರಿಗೆ ಸುಕ್ಕಾದ ಬಟ್ಟೇಲಿ ಹೋಗಬಾರ್ದು."